ಫ್ರಾದಜ್ಜಿ ಅಳೆದ ಗೋರಿ

ಕ್ರಿಲೊವಿಟ್ಸಿನಲ್ಲಿ ಬದುಕಿದ್ದವರ ಅಳತೆ ತೆಗೆಯಲು ಇಬ್ಬರು ದರ್ಜಿಗಳಿದ್ದರು. ಸತ್ತವರ ಅಳತೆ ತೆಗೆಯಲು ಇದ್ದವಳು ಫ್ರಾದಜ್ಜಿ ಒಬ್ಬಳೇ. ದರ್ಜಿಗಳ ಅಳತೆ ಹಬ್ಬಕ್ಕೊಮ್ಮೆಯಾದರೂ ತಪ್ಪುತ್ತಿತ್ತು. ಫ್ರಾದಜ್ಜಿಯದ್ದು ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಅವಳ ಗಿರಾಕಿಗಳು ದಪ್ಪಗಾಗುವುದೂ ಇಲ್ಲ, ತೆಳ್ಳಗಾಗುವುದೂ ಇಲ್ಲ, ಅದರಲ್ಲಿ ಅವಳ ಹೆಚ್ಚುಗಾರಿಕೆ ಏನು ಎಂದು ದೊಡ್ಡ ದರ್ಜಿ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದ.

ಹೊಸ ವರ್ಷಕ್ಕೆ ಮುಂಚಿನ ಎಲೂಲ್ ತಿಂಗಳು ಬಂದು ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಬೆಳಗಿನ ಹೊತ್ತು ಕೊಂಬು ಊದಲು ಶುರುವಾಯಿತೆಂದರೆ ಅವಳಿಗೆ ಕೈತುಂಬ ಕೆಲಸ. ನೂಲಿನ ಉಂಡೆ ಹಿಡಿದು ಅವಳು ಮುಂದೆ, ಕರವಸ್ತ್ರ ಹಿಡಿದು ಊರ ಹೆಂಗಸರು ಹಿಂದೆ. ಗೋರಿಯ ತಲೆಯ ಕಡೆಯಿಂದ ಶುರುಮಾಡಿ, ನೂಲು ಬಿಟ್ಟುಕೊಂಡು ಒಂದು ಸುತ್ತು ಬರುತ್ತಾ, ಒಳಗೆ ಮಲಗಿದವರ ಹೆಸರು ಹೇಳಬೇಕು. ಆ ನೂಲೇ ಆಮೇಲೆ ಬತ್ತಿಯಾಗುತ್ತದೆ. ಮೇಣ ಹಚ್ಚಿದರೆ ಪ್ರಾಯಶ್ಚಿತ್ತದ ದಿನ ಉರಿಯುವ ಮೋಂಬತ್ತಿ. ಯಾರಾದರೂ ಅಳುವ ಭರದಲ್ಲಿ ನೂಲಿನ ಮೇಲೆ ಕಾಲಿಟ್ಟರೆ ಫ್ರಾದಜ್ಜಿ ಸುಮ್ಮನಿರುತ್ತಿರಲಿಲ್ಲ. "ಸ್ವಲ್ಪ ಆಚೆ ನಿಂತ್ಕೊಂಡು ಅಳಮ್ಮ, ನಿಮ್ಮತ್ತೆ ಗಿಡ್ಡ ಆಗ್ತಿದಾರೆ" ಎಂದು ಗದರುತ್ತಿದ್ದಳು.

ಊರಿನ ಗಂಡಸರು ಗೋರಿಕಲ್ಲಿನ ಮೇಲೆ ಕೆತ್ತಿಸುವುದು ಅಪ್ಪನ ಹೆಸರನ್ನು. ನೂಲು ಹಿಡಿದವಳು ಹೇಳುವುದು ಅಮ್ಮನ ಹೆಸರನ್ನು. ಫ್ರಾದಜ್ಜಿಗೆ ತಾಯಿ ಟೋಲ್ಟ್ಸೆಯಿಂದ ಬಂದ ಆಸ್ತಿಯೆಂದರೆ ಇದೊಂದೇ, ತನ್ನಿಂದ ಹಿಂದಕ್ಕೆ ಹದಿನೆಂಟು ತಲೆಮಾರಿನ ತಾಯಂದಿರ ಹೆಸರು. ಫ್ರಾದೆ, ಟೋಲ್ಟ್ಸೆಯ ಮಗಳು; ಟೋಲ್ಟ್ಸೆ, ಹಾನ್ಯೆಯ ಮಗಳು. ಹೀಗೆ ಒಂದೂ ಬಿಡದೆ ಹೋಗಿ ಕೊನೆಗೆ "ಗೂಟೆ, ಬ್ರೈನೆಯ ಮಗಳು, ಬ್ರೈನೆ, ಹೆಬ್ಬಾತಿನ ಪುಕ್ಕ ತರಿಯುವವಳು" ಎಂಬಲ್ಲಿಗೆ ನಿಲ್ಲುತ್ತಿತ್ತು. ಗಂಡ ಗೆಟ್ಸೆಲ್ ನೀರಿನ ಗಾಡಿ ಹೊಡೆದು ಹೊಡೆದು ಸತ್ತಿದ್ದ. ಒಬ್ಬಳೇ ಮಗಳು ಸೋರ್ಕೆ ಹೆರಿಗೆಯಲ್ಲಿ ಹೋಗಿದ್ದಳು. ಉಳಿದವಳು ಸೋರ್ಕೆ ಹೆತ್ತ ಮಗು ಪೆರ್ಲೆ. ಆ ಮಗುವಿಗೂ ಈಗ ಹತ್ತೊಂಬತ್ತು ತುಂಬಿತ್ತು.

ಪಟ್ಟಿಯ ತುದಿಯಲ್ಲಿ ಬರುವ ಗೂಟೆ ಸಾಮಾನ್ಯ ಹೆಂಗಸಲ್ಲ. ನಾಲ್ಕೂವರೆ ನೂರು ವರ್ಷದ ಹಿಂದೆ ಕ್ರಿಲೊವಿಟ್ಸಿನಲ್ಲಿ ಹುಟ್ಟಿ, ದಪ್ಪನೆಯ ಭಾಷ್ಯ ಬರೆದು, ಇಂದಿಗೂ ಓದುವ ಹುಡುಗರ ತಲೆಗೂದಲು ಉದುರಿಸುತ್ತಿರುವ ಕಿರಿಯ ಮೆಶುಲಾಮ್ ಪಂಡಿತರ ತಾಯಿ. ಸುಮಾರು ಆ ಕಾಲದಲ್ಲೇ ಹಿರಿಯ ಮೆಶುಲಾಮ್ ಎಂಬ ರಬ್ಬಿಯೂ, ಅಂದರೆ ಧರ್ಮಗುರುವೂ, ಊರಲ್ಲಿದ್ದರು. ಅವರ ಮನೆತನದ ವಂಶಾವಳಿ ನೇರ ದಾವೀದ ರಾಜನವರೆಗೆ ಹೋಗುತ್ತಿತ್ತು. ಹಿರಿಯರು ಕಿರಿಯರ ತಾಯಿಯ ತಂದೆ ಎಂದು ಊರು ನಂಬಿತ್ತು. ನಮ್ಮವರು ಮಗುವಿಗೆ ತೀರಿಹೋದ ಅಜ್ಜನ ಹೆಸರಿಡುತ್ತಾರೆ. ಬದುಕಿರುವವರ ಹೆಸರನ್ನು ಮಾತ್ರ ಇಡುವುದಿಲ್ಲ; ಒಂದೇ ಹೆಸರಿನ ಇಬ್ಬರನ್ನು ಕಂಡು ಸಾವಿನ ದೂತ ಗಲಿಬಿಲಿಯಾದಾನು ಎಂಬ ಭಯ. ಇಲ್ಲಿ ಇಬ್ಬರ ಹೆಸರೂ ಮೆಶುಲಾಮ್, ಹಾಗಾದರೆ ಮೊಮ್ಮಗನಿಗೆ ಅಜ್ಜನ ಹೆಸರು ಎಂಬುದು ಊರ ಲೆಕ್ಕ. ಹಿರಿಯರ ಗೋರಿಯ ಎದುರಿಗೇ ಗೂಟೆಯ ಗೋರಿ. ಅವಳ ಕಲ್ಲಿನಲ್ಲಿ ಅಪ್ಪನ ಹೆಸರಿದ್ದ ಮೂಲೆ ಮುರಿದುಬಿದ್ದಿತ್ತು. ಮುರಿದ ಮೂಲೆಯಲ್ಲಿ ಯಾರ ಹೆಸರು ಬೇಕಾದರೂ ಹಿಡಿಸುತ್ತದೆ.

ಕಿರಿಯ ಮೆಶುಲಾಮರಿಗೆ ಮಕ್ಕಳಿರಲಿಲ್ಲ, ಐದು ಜನ ತಂಗಿಯರಿದ್ದರು. ಹಾಗಾಗಿ ಕ್ರಿಲೊವಿಟ್ಸಿನಲ್ಲಿ ಕಲ್ಲೆಸೆದರೆ ಪಂಡಿತರ ನೆಂಟರಲ್ಲಿ ಯಾರಿಗಾದರೂ ತಾಗುತ್ತಿತ್ತು. ಆದರೆ ಕೇಳಿದರೆ ಎಲ್ಲರೂ "ನಮ್ಮಜ್ಜಿ ಹೇಳ್ತಿದ್ರು" ಎನ್ನುವವರೇ. ಮಧ್ಯೆ ಒಂದು ಹೆಸರೂ ಬಿಡದೆ ಹೇಳಬಲ್ಲವಳು ಫ್ರಾದಜ್ಜಿ ಮಾತ್ರ. ಮರದ ವ್ಯಾಪಾರಿ ರೆಬ್ ಕಾಲ್ಮನ್ ಅವಳ ಬಾಗಿಲಿಗೆ ಬಂದದ್ದು ಅದಕ್ಕೇ.

ಕಾಲ್ಮನ್‌ಗೆ ಗರಗಸದ ಮಿಲ್ಲಿತ್ತು, ಮಹಡಿ ಮನೆಯಿತ್ತು, ಮಂದಿರದ ಪೂರ್ವದ ಗೋಡೆಗೆ ಅಂಟಿಕೊಂಡ ಗೌರವದ ಆಸನವಿತ್ತು. ಇಲ್ಲದ್ದೆಂದರೆ ಹೇಳಿಕೊಳ್ಳುವಂಥ ಒಬ್ಬ ಮುತ್ತಾತ. ಅವನ ಮಗ ಆನ್‌ಶೆಲ್ ವಾರಕ್ಕೆ ನಾಲ್ಕು ದಿನ ಪೆರ್ಲೆಯ ಹತ್ತಿರ ಗಸಗಸೆ ರೊಟ್ಟಿ ಕೊಳ್ಳಲು ಬರುತ್ತಿದ್ದ. ಗಸಗಸೆ ತಿಂದರೆ ಅವನ ಮೈಯೆಲ್ಲ ದದ್ದು ಏಳುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಅಪ್ಪನಿಗೆ ವಂಶ ಬೇಕಿತ್ತು, ಮಗನಿಗೆ ಪೆರ್ಲೆ ಬೇಕಿತ್ತು. ಎರಡೂ ಒಂದೇ ಮನೆಯಲ್ಲಿ ಸಿಗುವುದಾದರೆ ಯಾರಿಗೂ ಬೇಸರವಿರಲಿಲ್ಲ.

"ಪಂಡಿತರ ತಂಗಿ ಕಡೆಯವರು ನನ್ನ ಮಿಲ್ಲಲ್ಲೇ ಆರು ಜನ ಇದಾರೆ ಅಜ್ಜಿ" ಎಂದು ಕಾಲ್ಮನ್ ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದ. "ಅದಕ್ಕೆಲ್ಲ ನಾನು ಬರಲ್ಲ. ನನಗೆ ಬೇಕಾಗಿರೋದು ದಾವೀದ ರಾಜ."

"ಅವರು ಮನೇಲಿಲ್ವಲ್ಲ" ಎಂದಳು ಫ್ರಾದಜ್ಜಿ. "ಚಿಕೋರಿ ಕಾಫಿ ಕುಡೀತೀರಾ?"

ಕಾಲ್ಮನ್ ನಗಲಿಲ್ಲ. ಕಿರಿಯ ಮೆಶುಲಾಮರ ಭಾಷ್ಯವನ್ನು ಲೆಂಬರ್ಗಿನಲ್ಲಿ ಅವನೇ ಹೊಸದಾಗಿ ಅಚ್ಚು ಹಾಕಿಸುತ್ತಿದ್ದ. ಮುನ್ನುಡಿ ಬರೆಯಲು ಡಾಕ್ಟರ್ ಕಹಾನೆ ಎಂಬ ದೊಡ್ಡ ವಿದ್ವಾಂಸನನ್ನು ಗೊತ್ತುಮಾಡಿದ್ದ. ಗೂಟೆ ಹಿರಿಯ ಮೆಶುಲಾಮರ ಮಗಳು ಎಂದು ಆ ಮುನ್ನುಡಿಯಲ್ಲಿ ಬರಲಿ, ಅದೇ ದಿನ ರೂಢಿಯಂತೆ ತಟ್ಟೆ ಒಡೆದು ನಿಶ್ಚಿತಾರ್ಥ ಮಾಡೋಣ ಎಂದು ಹೇಳಿ ಎದ್ದ. ಬರದಿದ್ದರೆ ಏನು ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಟೊಪ್ಪಿ ಸರಿಮಾಡಿಕೊಂಡ ರೀತಿಯಲ್ಲೇ ಅದು ತಿಳಿಯುತ್ತಿತ್ತು.

ಡಾಕ್ಟರ್ ಕಹಾನೆ ಬಂದ. ಗಡ್ಡ ಬೋಳಿಸಿಕೊಂಡ, ಕನ್ನಡಕದ, ಹೊಸ ಕಾಲದ ಮನುಷ್ಯ. ಆದರೆ ಹುಟ್ಟಿದ್ದು ಪುರೋಹಿತ ಮನೆತನದಲ್ಲಿ, ಆ ಮನೆತನದವರು ಸ್ಮಶಾನದೊಳಗೆ ಕಾಲಿಡುವಂತಿಲ್ಲ. ಉಳಿದ ಕಟ್ಟಳೆಗಳನ್ನೆಲ್ಲ ವಿಯೆನ್ನಾದಲ್ಲಿ ಬಿಟ್ಟುಬಂದಿದ್ದರೂ ಇದೊಂದನ್ನು ಮೀರುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ. ಹಾಗಾಗಿ ಊರಿಡೀ ಕಾಯುತ್ತಿದ್ದ ಆ ಮಹಾ ಸಂಶೋಧನೆ ಸ್ಮಶಾನದ ಬೇಲಿಯಾಚೆ, ಹಾಲು ಕರೆಯುವ ಒಂದು ಮೋಟು ಸ್ಟೂಲಿನ ಮೇಲೆ ನಡೆಯಿತು. ಅವನು ಆಚೆಯಿಂದ ಕೇಳುತ್ತಿದ್ದ, ಕಲ್ಲುಗಳ ನಡುವೆ ನಿಂತು ಫ್ರಾದಜ್ಜಿ ಹೇಳುತ್ತಿದ್ದಳು.

"ಹಿರಿಯ ಮೆಶುಲಾಮರ ಕಲ್ಲಿನ ಮೇಲೆ ಏನಿದೆ ಅಜ್ಜಿ?"

"ಕಾಗೆ ಇದೆ."

"ಬರಹ ಕೇಳಿದ್ದು ನಾನು."

"ಮೆಶುಲಾಮ್ ಅಂತಿದೆ. ಇಲ್ಲಿ ಮಲಗಿದಾರೆ ಅಂತಿದೆ. ಅಷ್ಟೇ ಕಾಣ್ಸೋದು."

ಡಾಕ್ಟರ್ ಬರೆದುಕೊಂಡ. "ಪಕ್ಕದಲ್ಲಿ ಅವರ ಹೆಂಡತಿ ಯುಟ್ಟಾ ಇದಾರಲ್ವಾ? ಹಾಗಾದ್ರೆ ಗೂಟೆ ತಾಯಿ ಯುಟ್ಟಾ ಅಂತ ಬರೀಬೇಕಾಗುತ್ತೆ. ನೋಡಿ, ಇಬ್ಬರ ಹೆಸರೂ ಒಂದೇ ಅನ್ನೋದು ಒಂದು ಸಾಕ್ಷಿ. ಗೋರಿಗಳು ಎದುರುಬದುರು ಇರೋದು ಅರ್ಧ ಸಾಕ್ಷಿ. ಊರೋರು ಹೇಳೋದು ಸಾಕ್ಷಿನೇ ಅಲ್ಲ."

"ಒಂದೂವರೆ ಆಯ್ತಲ್ಲ. ನಮ್ಮೂರಲ್ಲಿ ಅಷ್ಟಿದ್ರೆ ಮದುವೇನೇ ಮಾಡಿಬಿಡ್ತಾರೆ. ನಾನು ಹೇಳೋ ಹೆಸರುಗಳು?"

"ಅದು ಹೆಂಗಸರ ಬಾಯಿಪಾಠ ಅಜ್ಜಿ. ಕೇಳೋಕೆ ಚೆನ್ನಾಗಿದೆ." ಡಾಕ್ಟರ್ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದ. "ಹಿರಿಯರ ಕಲ್ಲು ಸೊಂಟದವರೆಗೂ ಹೂತುಹೋಗಿದೆಯಂತೆ. ಕೆಳಗೆ ಇನ್ನೂ ಏನಾದ್ರೂ ಬರ್ದಿದೆಯಾ?"

ಫ್ರಾದಜ್ಜಿ ಕಲ್ಲಿನ ಬುಡಕ್ಕೆ ಅಡ್ಡ ನಿಂತಳು. "ಕೆಳಗೆ ಮಣ್ಣಿದೆ ಸ್ವಾಮಿ. ಎಲ್ಲರಿಗೂ ಕೆಳಗೆ ಇರೋದು ಅದೇ" ಎಂದಳು.

ಕೆಳಗೆ ಏನಿದೆ ಎಂದು ಅವಳಿಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೋರಿ ತೋಡುವವನ ಆಡು ಒಂದು ಮಳೆಗಾಲದಲ್ಲಿ ಅಲ್ಲಿ ಕೆರೆದು ಕೆರೆದು ಕಲ್ಲಿನ ಬುಡ ಬಯಲು ಮಾಡಿತ್ತು. ಪ್ರಾರ್ಥನೆ ಪುಸ್ತಕದಲ್ಲಿ ಅಕ್ಷರ ಕಲಿತ ಫ್ರಾದಜ್ಜಿ ಮೊಣಕಾಲೂರಿ, ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದ್ದಳು. ಊರಿಗೆ ಬಿದ್ದ ಮಹಾ ಬೆಂಕಿಯಲ್ಲಿ, ಮಂದಿರದೊಳಗಿಂದ ಧರ್ಮಗ್ರಂಥದ ಸುರುಳಿಯನ್ನು ಅಪ್ಪಿಕೊಂಡು ಹೊರಗೆ ತರುವಾಗ ಇವರು ತೀರಿಕೊಂಡರು ಎಂದಿತ್ತು ಅಲ್ಲಿ. ಕಿರಿಯ ಮೆಶುಲಾಮರು ತಮ್ಮ ಭಾಷ್ಯದ ಕಡೆಯ ಪುಟದಲ್ಲಿ ಅದೇ ಬೆಂಕಿಯ ಮಾತು ಬರೆದಿದ್ದರು: ಆಗ ನನಗೆ ಏಳು ವರ್ಷ, ತಾಯಿಯ ಕೈ ಹಿಡಿದು ನದಿಯ ಆಚೆ ದಡದಿಂದ ನೋಡಿದೆ ಎಂದು. ಈ ಸಾಲು ಬಾರದ ಮಗು ಊರಲ್ಲಿರಲಿಲ್ಲ. ಹಿರಿಯರು ಸಾಯುವ ಹೊತ್ತಿಗೆ ಕಿರಿಯರಿಗೆ ಆ ಹೆಸರಿಟ್ಟು ಏಳು ವರ್ಷವಾಗಿತ್ತು. ಬದುಕಿದ್ದ ತಂದೆಯ ಹೆಸರನ್ನು ಯಾವ ಮಗಳು ತನ್ನ ಮಗುವಿಗೆ ಇಡುತ್ತಾಳೆ? ಮೂರು ತಲೆಮಾರಿನವರು ಯಾವ ಹೆಸರನ್ನು ಸಾಕ್ಷಿ ಎಂದು ಹಿಡಿದುಕೊಂಡಿದ್ದರೋ ಅದೇ ಹೆಸರು ಈ ನೆಂಟಸ್ತನವನ್ನು ಇಲ್ಲವಾಗಿಸುತ್ತಿತ್ತು.

ಆವತ್ತು ಫ್ರಾದಜ್ಜಿ ಅತ್ತಿತ್ತ ನೋಡಿ, ಬುಡಕ್ಕೆ ಮಣ್ಣು ತುಂಬಿ, ಕಾಲಿಂದ ಮೆಟ್ಟಿ, ಮೇಲೆ ಹುಲ್ಲಿನ ಹೆಂಟೆ ಇಟ್ಟು ಮನೆಗೆ ಬಂದಿದ್ದಳು. ಪ್ರತಿ ವರ್ಷ ಒಂದಿಷ್ಟು ಮಣ್ಣು ಸೇರಿಸುತ್ತಿದ್ದಳು. ತಾಯಿಯಿಲ್ಲದ ಪೆರ್ಲೆಗೆ ಹೇಳಿಕೊಳ್ಳಲು ಒಬ್ಬ ರಾಜನಾದರೂ ಇರಲಿ ಎಂದು ಅವಳ ಲೆಕ್ಕ. ಬ್ರೈನೆ ಬಹುಶಃ ಹಿರಿಯರ ಮೊದಲನೇ ಹೆಂಡತಿ ಇರಬಹುದು ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಿದ್ದಳು. ರಬ್ಬಿಯ ಹೆಂಡತಿ ಊರವರ ಹೆಬ್ಬಾತಿನ ಪುಕ್ಕ ಯಾಕೆ ತರಿಯುತ್ತಾಳೆ ಎಂಬ ಪ್ರಶ್ನೆ ಬಂದಾಗ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಡಾಕ್ಟರ್ ಹೊರಡುವುದಕ್ಕೆ ಎರಡು ದಿನ ಇರುವಾಗ ಆ ವರ್ಷದ ಅಳತೆ ಶುರುವಾಯಿತು. ಮೊದಲು ಹೊಸ ಸಾಲು. ಸೋರ್ಕೆಯ ಗೋರಿ ಚಿಕ್ಕದು. ನೂಲು ಬೇಗ ಸುತ್ತಿ ಬಂತು. "ಸೋರ್ಕೆ, ಫ್ರಾದೆಯ ಮಗಳು" ಎಂದಳು. ಅಲ್ಲಿಂದ ಹಳೆಯ ಸಾಲಿಗೆ ಬಂದು ಗೂಟೆಯ ಕಲ್ಲಿಗೆ ನೂಲು ಸಿಕ್ಕಿಸಿ "ಗೂಟೆ" ಎಂದವಳು ಮುಂದಕ್ಕೆ ಹೇಳಲಾರದೆ ನಿಂತಳು. ಹಿಂದಿದ್ದ ಹೆಂಗಸರು ಇಲ್ಲೇ ಅಳಬೇಕೇನೋ ಎಂದುಕೊಂಡು ಅಳತೊಡಗಿದರು.

ಇನ್ನು ಮೇಲೆ ಪುಸ್ತಕದಲ್ಲಿ ಗೂಟೆ ಯುಟ್ಟಾಳ ಮಗಳು. ಅಚ್ಚಾದ ಮೇಲೆ ಮುಗಿಯಿತು, ಬ್ರೈನೆಯನ್ನು ಕೇಳುವವರಿಲ್ಲ. ಯಾರದೋ ಅಂಗಳದಲ್ಲಿ ಕೂತು ಪುಕ್ಕ ತರಿದು ಮಗಳನ್ನು ಸಾಕಿದವಳಿಂದ ಆ ಮಗಳನ್ನೇ ಕಿತ್ತುಕೊಂಡು ದೊಡ್ಡ ಮನೆಗೆ ಕೊಟ್ಟಂತಾಯಿತು. ನಾಳೆ ಯಾರಾದರೂ ಚೆನ್ನಾಗಿ ಕಾಣುತ್ತದೆಂದು ಸೋರ್ಕೆಯನ್ನು ಮರದ ವ್ಯಾಪಾರಿಯ ಹೆಂಡತಿಯ ಮಗಳು ಎಂದು ಬರೆದರೆ? ಮಗಳನ್ನು ಮಣ್ಣಿಗಿಟ್ಟವಳು ಇನ್ನೊಬ್ಬಳ ಮಗಳನ್ನು ಕದಿಯಲಾರಳು. ಫ್ರಾದಜ್ಜಿ ನೂಲನ್ನು ಅಲ್ಲೇ ಬಿಟ್ಟು ನೇರ ಡಾಕ್ಟರ್ ಕೂತಿದ್ದ ಬೇಲಿಯ ಹತ್ತಿರ ನಡೆದಳು.

"ಡಾಕ್ಟ್ರೇ, ಕೆಳಗೆ ಬರಹ ಇದೆ. ಬೇಗ ಬರ್ಕೊಳ್ಳಿ, ನನ್ನ ಮನಸ್ಸು ಬದಲಾಗೋದ್ರೊಳಗೆ."

ಕೇಳಿದ ಡಾಕ್ಟರ್ ಮೊದಲು ಬಿಳಿಚಿಕೊಂಡ, ಆಮೇಲೆ ಕೆಂಪಾದ. ತಮ್ಮದೇ ವಾದ ಮುರಿದುಬಿದ್ದಾಗ ಮಕ್ಕಳಂತೆ ಖುಷಿಪಡುವುದು ವಿದ್ವಾಂಸರಿಗಿರುವ ಒಂದು ಕಾಯಿಲೆ. "ಏಳು ವರ್ಷ, ಏಳು ವರ್ಷ" ಎನ್ನುತ್ತಾ ಬೇಲಿಯುದ್ದಕ್ಕೂ ಎರಡು ಸಲ ಓಡಾಡಿ, ಸ್ಟೂಲು ಎಡವಿ ಬಿದ್ದು, ಬಿದ್ದಲ್ಲಿಯೇ ಬರೆದುಕೊಂಡ.

ಸುದ್ದಿ ಫ್ರಾದಜ್ಜಿಗಿಂತ ಮೊದಲೇ ಮನೆ ಮುಟ್ಟಿತ್ತು. ಪೆರ್ಲೆ ಹಿಟ್ಟು ನಾದುತ್ತಿದ್ದಳು. ಹಿಟ್ಟಿಗೆ ಬೀಳುತ್ತಿದ್ದ ಏಟು ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ.

"ನನ್ನ ಮೇಲೆ ಸಿಟ್ಟಾ?" ಎಂದು ಅಜ್ಜಿ ಕೇಳಿದಳು.

"ಇಲ್ಲ. ಆಡಿನ ಮೇಲೆ." ಪೆರ್ಲೆಯ ಕಣ್ಣೀರು ಹಿಟ್ಟಿಗೆ ಬಿತ್ತು. "ಇನ್ನೊಂದು ತಿಂಗಳು ತಡ್ಕೋಬಾರ್ದಿತ್ತಾ ಅಜ್ಜಿ? ಹನ್ನೊಂದು ವರ್ಷ ನೀನೇ ತಡ್ಕೊಂಡಿದ್ದೆ."

ಆವತ್ತಿನ ರೊಟ್ಟಿ ಸ್ವಲ್ಪ ಉಪ್ಪಾಗಿತ್ತೆಂದು ಗಿರಾಕಿಗಳು ಹೇಳಿದರು. ಆನ್‌ಶೆಲ್ ರೊಟ್ಟಿಗೆ ಬರಲಿಲ್ಲ. ಅಪ್ಪ ಅವನನ್ನು ಮಿಲ್ಲಿನಿಂದ ಹೊರಗೆ ಬಿಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಾಲ್ಮನ್ ಮಂದಿರದ ನಡುವೆ ನಿಂತು ಮೈ ಪರಚಿಕೊಂಡ. ಇಲ್ಲದ ಬರಹ ಹೇಳಿ ಈ ಹೆಂಗಸು ಸತ್ತ ಮಹಾನುಭಾವರಿಂದ ಮೊಮ್ಮಗನನ್ನೇ ಕಿತ್ತುಕೊಂಡಿದ್ದಾಳೆ, ಇದು ಸತ್ತವರ ಮೇಲೆ ಹೊರಿಸಿದ ಅಪವಾದ ಎಂದ. ಸತ್ತವರ ಮೇಲೆ ಅಪವಾದ ಹೊರಿಸಿದವರು ಹತ್ತು ಜನ ಗಂಡಸರನ್ನು ಕರೆದುಕೊಂಡು ಗೋರಿಯ ಮುಂದೆ ಬೂಟು ಬಿಚ್ಚಿ ನಿಂತು ಕ್ಷಮೆ ಕೇಳಬೇಕು. ಫ್ರಾದಜ್ಜಿಯೂ ಕೇಳಲೇಬೇಕು ಎಂದು ಹಟ ಹಿಡಿದ. ಎಲ್ಲರೂ ಅವಳು ಅಳುತ್ತಾಳೆ ಎಂದುಕೊಂಡರು. ಹೆಂಗಸರ ಭಾಗದ ಜಾಲರಿಯ ಹಿಂದಿನಿಂದ ಅವಳ ದನಿ ಬಂತು.

"ಕೇಳ್ತೀನಿ. ನನಗೂ ಕೇಳ್ಬೇಕು ಅಂತಲೇ ಇತ್ತು. ಹತ್ತು ಜನ ಕನ್ನಡಕ ಹಾಕ್ಕೊಂಡು ಬನ್ನಿ."

ಹತ್ತು ಜನ ಹೊಂದಿಸುವುದರಲ್ಲೇ ಹೊತ್ತೇರಿತು. ಇಬ್ಬರು ಪುರೋಹಿತ ಮನೆತನದವರು, ಒಳಗೆ ಬರುವಂತಿಲ್ಲ. ಅವರು ಬೇಲಿಯಾಚೆ ಡಾಕ್ಟರ ಜೊತೆ ಸ್ಟೂಲಿಗಾಗಿ ಜಗಳವಾಡುತ್ತಾ ನಿಂತರು. ದೊಡ್ಡ ದರ್ಜಿ ಶೀತವೆಂದು ತಪ್ಪಿಸಿಕೊಂಡ. ಒಂಬತ್ತಕ್ಕೆ ನಿಂತಾಗ ಕಾಲ್ಮನ್ ಬೇರೆ ದಾರಿ ಕಾಣದೆ ಮಿಲ್ಲಿನಿಂದ ಮಗನನ್ನು ಕರೆಸಿದ.

ಹುಲ್ಲು ಇನ್ನೂ ಇಬ್ಬನಿಯಲ್ಲಿ ನೆನೆದಿತ್ತು. ಹತ್ತು ಜನ ಮರ್ಯಾದಸ್ಥರು ತೂತು ಬಿದ್ದ ಕಾಲುಚೀಲಗಳಲ್ಲಿ ಸಾಲಾಗಿ ನಿಂತು, ಒಬ್ಬರ ಹೆಬ್ಬೆರಳು ಒಬ್ಬರು ನೋಡದ ಹಾಗೆ ಆಕಾಶ ನೋಡುತ್ತಿದ್ದರು. ಫ್ರಾದಜ್ಜಿ ಹಿರಿಯ ಮೆಶುಲಾಮರ ಕಲ್ಲಿನ ಮುಂದೆ ಮೊಣಕಾಲೂರಿದಳು. ಮೊದಲು ಹುಲ್ಲಿನ ಹೆಂಟೆ ತೆಗೆದಳು. ಆಮೇಲೆ ಎರಡೂ ಕೈಯಿಂದ ಮಣ್ಣು ಬಗೆದಳು. ತಾನೇ ಮೆಟ್ಟಿದ ಮಣ್ಣು, ಗಟ್ಟಿಯಾಗಿತ್ತು. ಶಾಲಿನ ತುದಿಯಿಂದ ಅಕ್ಷರ ಒರೆಸಿ ಮಾತಾಡಿದಳು.

"ರಬ್ಬಿಗಳೇ, ನಾನು ಟೋಲ್ಟ್ಸೆ ಮಗಳು ಫ್ರಾದೆ. ನಿಮ್ಮ ಮೊಮ್ಮಗನ್ನ ಕಿತ್ಕೊಂಡೆ ಅಂತ ಇವರು ಹೇಳ್ತಾರೆ. ಅದಕ್ಕೆ ನಾನು ಕ್ಷಮೆ ಕೇಳಲ್ಲ, ಯಾಕಂದ್ರೆ ಅವರು ನಿಮ್ಮ ಮೊಮ್ಮಗ ಅಲ್ಲ ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ನೀವು ಬೆಂಕಿಯೊಳಗೆ ಹೋಗಿ ಗ್ರಂಥ ಉಳಿಸಿದ್ರಿ. ಅಂಥಾ ಸಾವಿನ ಮೇಲೆ ನಾನು ಹನ್ನೊಂದು ವರ್ಷ ಮಣ್ಣು ಹಾಕಿದೆ, ನನ್ನ ಹುಡುಗಿ ಮದುವೆ ಆಸೆಗೆ. ಅದನ್ನ ಕ್ಷಮಿಸಿ."

ಕಾಲ್ಮನ್ ಮಗನ ಕಡೆ ನೋಡಿದ. ಗುಂಪಿನಲ್ಲಿ ಚುರುಕು ಕಣ್ಣು ಅವನದೇ. "ಓದು" ಎಂದ. ಬೇಡ ಎನ್ನುವ ಹಾಗಿತ್ತು ಆ ದನಿ.

ಆನ್‌ಶೆಲ್ ಬಗ್ಗಿದ. ಮಸುಕಾಗಿದೆ ಎಂದು ಹೇಳಿದ್ದರೆ ನಡೆಯುತ್ತಿತ್ತು, ಅಪ್ಪನೂ ಅದನ್ನೇ ಕಾಯುತ್ತಿದ್ದ. ಅವನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ, ಒಂದಕ್ಷರ ನುಂಗದೆ ಓದಿದ. ತನ್ನ ಮದುವೆಯನ್ನು ತಾನೇ ಓದಿ ಮುಗಿಸುತ್ತಿದ್ದೇನೆಂದು ಅವನಿಗೂ ಗೊತ್ತಿತ್ತು.

ಗಂಡಸರು ಒಬ್ಬೊಬ್ಬರಾಗಿ ಬೂಟು ಹುಡುಕಿಕೊಂಡು ಜಾಗ ಖಾಲಿಮಾಡಿದರು. ಕಾಲ್ಮನ್ ಮಾತ್ರ ಗೂಟೆಯ ಕಲ್ಲಿನ ಪಕ್ಕ ಕುಳಿತು ಒದ್ದೆ ಕಾಲುಚೀಲ ಹಿಂಡುತ್ತಿದ್ದ. ತಲೆಯೆತ್ತದೆ ಹೇಳಿದ.

"ಅಜ್ಜಿ, ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಡಾಕ್ಟ್ರು ಒಳಗೆ ಬರೋ ಹಾಗಿರ್ಲಿಲ್ಲ."

"ಹೂಂ."

"ನಿಮ್ಮ ಮೊಮ್ಮಗಳು ನನ್ನ ಮನೆಗೆ ಬರ್ತಿದ್ಲು."

"ಗೊತ್ತು ರೆಬ್ ಕಾಲ್ಮನ್. ಗಾಯಕ್ಕೆ ಉಪ್ಪು ಹಾಕ್ಬೇಡಿ. ಅವಳು ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ."

ಕಾಲ್ಮನ್ ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದೇ ಹೇಳಿದ. "ನಾನು ನಲವತ್ತು ವರ್ಷದಿಂದ ಮರ ಅಳೀತಿದೀನಿ. ಕೊಳ್ಳೋವಾಗ ಒಂದು ಕೋಲು, ಮಾರೋವಾಗ ಇನ್ನೊಂದು. ಎಲ್ಲರೂ ಹಾಗೇ. ತನಗೇ ಕಮ್ಮಿ ಬೀಳೋ ಹಾಗೆ ಅಳೆದವರನ್ನ ಇವತ್ತೇ ನೋಡಿದ್ದು. ನನ್ನ ಮಗನೂ ಒಬ್ಬ, ನೋಡಿದ್ರಲ್ಲ, ಮಸುಕಾಗಿದೆ ಅಂತ ಒಂದು ಮಾತು ಅನ್ಲಿಲ್ಲ. ಅವನಿಗೆ ಅದು ಎಲ್ಲಿಂದ ಬಂತೋ, ನನ್ನಿಂದಂತೂ ಅಲ್ಲ." ಎರಡನೆಯ ಬೂಟೂ ಹಾಕಿಕೊಂಡ. "ಮನೇಲಿ ತಟ್ಟೆ ಇದೆಯಾ?"

ಫ್ರಾದಜ್ಜಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯ ಮಣ್ಣು ಕೊಡವಿಕೊಂಡಳು. "ಇದೆ. ಅಂಚು ಒಡೆದಿದೆ" ಎಂದಳು.

"ಅದೇ ಸಾಕು. ಒಡೆಯೋಕೆ ತಾನೇ. ನಮ್ಮನೇದು ಚೀನಾದ್ದು, ನನ್ನ ಹೆಂಡ್ತಿ ಕೊಡಲ್ಲ."

ತಟ್ಟೆ ಆವತ್ತು ಮಧ್ಯಾಹ್ನವೇ ಒಡೆಯಿತು. ಮುಂದಿನ ವಸಂತದಲ್ಲಿ ಪುಸ್ತಕವೂ ಬಂತು. ಮದುವೆಯಾಗಿ ಬಂದ ಪೆರ್ಲೆಯನ್ನು ನೋಡುವ ನೆಪದಲ್ಲಿ ಮಹಡಿ ಮನೆಯಲ್ಲಿ ಕೂತಿದ್ದ ಫ್ರಾದಜ್ಜಿಗೆ ಕಾಲ್ಮನ್ ಮುನ್ನುಡಿ ಓದಿ ಹೇಳಿದ: ಪಂಡಿತರ ತಾಯಿ ಗೂಟೆ, ಹಿರಿಯ ಮೆಶುಲಾಮರ ಮಗಳೆಂಬ ಮಾತಿಗೆ ಆಧಾರವಿಲ್ಲ, ಅವಳ ಹೆತ್ತವರು ಯಾರೆಂದು ತಿಳಿದುಬಂದಿಲ್ಲ.

"ಯಾರಿಗೆ ತಿಳಿದುಬಂದಿಲ್ಲ?" ಎಂದಳು ಫ್ರಾದಜ್ಜಿ.

"ಡಾಕ್ಟ್ರಿಗೆ. ನಿಮ್ಮ ಬಾಯಿಪಾಠ ಅಚ್ಚಿಗೆ ಬರಲ್ವಂತೆ."

ಫ್ರಾದಜ್ಜಿ ಕಾಫಿಯ ಬಟ್ಟಲು ಕೆಳಗಿಟ್ಟಳು. ಕಾಲ್ಮನ್ ಅವಳ ಮುಖ ನೋಡಿ, ದಿಮ್ಮಿಗಳಿಗೆ ಗುರುತು ಹಾಕುವ ದಪ್ಪ ನೀಲಿ ಪೆನ್ಸಿಲನ್ನು ಕಿವಿಯ ಸಂದಿಯಿಂದ ತೆಗೆದು, ಅಂಚಿನಲ್ಲಿ ಬರೆದ: "ಬ್ರೈನೆಯ ಮಗಳು. ಪುಕ್ಕ ತರಿಯುವವಳು." ಅದು ಅವನ ಪ್ರತಿ, ಅವನ ಇಷ್ಟ.

ಫ್ರಾದಜ್ಜಿ ಆರು ವರ್ಷದ ನಂತರ, ಬೆಳಗಿನ ತಿಂಡಿ ತಿಂದು, ರೊಟ್ಟಿ ಸುಟ್ಟುಹೋಗಿದೆಯೆಂದು ಪೆರ್ಲೆಗೆ ಬೈದು, ಸ್ವಲ್ಪ ಮಲಗುತ್ತೇನೆಂದು ಮಲಗಿ ತೀರಿಕೊಂಡಳು. ಊರ ರೂಢಿಯಂತೆ ಕಲ್ಲಿನ ಮೇಲೆ ಅವಳ ಅಪ್ಪನ ಹೆಸರು ಕೆತ್ತಿಸಿದರು. ಚಳಿಗಾಲದಲ್ಲಿ ಪೆರ್ಲೆ ಹೆಣ್ಣು ಹೆತ್ತಳು. ಫ್ರಾದೆ ಎಂಬ ಹೆಸರು ಈಗ ಬಿಡುವಾಗಿತ್ತು, ಮಗುವಿಗೆ ಅದನ್ನೇ ಇಟ್ಟರು.

ಮತ್ತೆ ಎಲೂಲ್ ಬಂದಾಗ ನೂಲಿನ ಉಂಡೆ ಪೆರ್ಲೆಯ ಕೈಯಲ್ಲಿತ್ತು. ಹೆಂಗಸರ ಹಿಂದೆ, ಮೊಮ್ಮಗಳನ್ನು ಎತ್ತಿಕೊಂಡು, ತನಗೆ ಇಲ್ಲೇನೂ ಕೆಲಸವಿಲ್ಲ ಎಂಬಂತೆ ಕಾಲ್ಮನ್ ಬರುತ್ತಿದ್ದ. ಪೆರ್ಲೆ ಅಜ್ಜಿಯ ಗೋರಿ ಸುತ್ತುತ್ತಾ ಹೇಳತೊಡಗಿದಳು: ಫ್ರಾದೆ, ಟೋಲ್ಟ್ಸೆಯ ಮಗಳು, ಟೋಲ್ಟ್ಸೆ, ಹಾನ್ಯೆಯ ಮಗಳು. ಒಂದೊಂದೇ ಹೆಸರು ದಾಟಿ ಗೂಟೆಯವರೆಗೆ ಬಂದಳು. ಇದೇ ಹೆಸರಿನ ಮೇಲೆ ಅಜ್ಜಿ ನೂಲು ಬಿಟ್ಟು ಬೇಲಿಯ ಕಡೆ ನಡೆದದ್ದು ನೆನಪಾಯಿತು. ಅವಳೂ ನಿಂತು ಬೇಲಿಯ ಕಡೆ ನೋಡಿದಳು.

"ಬ್ರೈನೆಯ ಮಗಳು" ಎಂದ ಕಾಲ್ಮನ್ ಹಿಂದಿನಿಂದ, ಮಿಲ್ಲಿನ ಗರಗಸದ ಸದ್ದಿನಲ್ಲಿ ಮಾತಾಡಿ ರೂಢಿಯಾದ ದೊಡ್ಡ ದನಿಯಲ್ಲಿ. "ಬ್ರೈನೆ, ಪುಕ್ಕ ತರಿಯುವವಳು. ನಮ್ಮ ಮನೆಯವಳು. ಮುಂದಕ್ಕೆ ಅಳೆ ಮಗಳೇ, ಮಗು ಹಸಿದಿದೆ."

ಪೆರ್ಲೆ ಮೂಗು ಒರೆಸಿಕೊಂಡು ಸುತ್ತು ಮುಗಿಸಿದಳು.